ಹೊಳೆಗೆ ಯಾವ ಲಂಗರು?

ಅಘನಾಶಿನಿಯ ದಂಡೆ, ಮಿರ್ಜಾನಿನ ಆಸುಪಾಸು. ತೆಂಗಿನ ತೋಟದ ನೆರಳಿನಲ್ಲಿ 12 ಅಡಿಯ ಹೊಸ ಫೈಬರ್ ದೋಣಿ ಕವುಚಿ ಬಿದ್ದಿದೆ. ಅಳಿಯನಿಗೆ ಬೆಂಗಳೂರಿನಲ್ಲಿ ಕೆಲಸ. ರಜೆಗೆ ಬಂದಾಗ ಗಾಳ ಹಾಕಲೆಂದು ಕೊಂಡ ದೋಣಿ ಅದು. ಸೋದರಮಾವ ಇದೇ ಹೊಳೆಯಲ್ಲಿ 50 ವರ್ಷ ಮೀನು ಹಿಡಿದವರು.

ಅಳಿಯ: ಮಾವ, ನಿನ್ನೆ ದೋಣಿ ನಿಲ್ಲಲೇ ಇಲ್ಲ. ಲಂಗರು ಇಳಿಸಿ, ಹಗ್ಗ ಕಟ್ಟಿ, ಗಾಳ ಹಾಕಿ ಕೂತೆ. ಒಂದು ಕಾಣೆ ಮೀನು ಸಿಕ್ಕಿತು. ಅದನ್ನು ಬಿಡಿಸಿ ತಲೆ ಎತ್ತಿ ನೋಡ್ತೇನೆ, ಎದುರು ದಂಡೆಯಲ್ಲಿ ಕಾಂಡ್ಲಾ ಗಿಡಗಳಿದ್ದ ಜಾಗದಲ್ಲಿ ಬೇರೆ ಯಾರದೋ ತೋಟ ಇದೆ. ಇನ್ನೂರು ಮೀಟರ್ ಜಾರಿ ಬಂದಿದ್ದೆ. ನನಗೆ ಗೊತ್ತೇ ಆಗಲಿಲ್ಲ.

ಮಾವ: ಯಾವ ಲಂಗರು? ತಾ ಇತ್ತ.

ಅಳಿಯ: ಇದೇ. ನಾಲ್ಕು ಕೊಕ್ಕೆ, ಕೊಡೆಯ ಹಾಗೆ ಮಡಚಿ ಇಡಬಹುದು. 3.2 ಕಿಲೋ. ಆನ್‌ಲೈನಿನಲ್ಲಿ ತರಿಸಿದ್ದು. ಸಣ್ಣ ದೋಣಿಗೆ ಸಾಕು ಅಂತ ಅದರ ಪೆಟ್ಟಿಗೆಯ ಮೇಲೇ ಬರೆದಿತ್ತು.

ಮಾವ: ದೋಣಿ ಸಣ್ಣದೇ ಹೌದು, ಹೊಳೆ ಸಣ್ಣದಲ್ಲವಲ್ಲ ಮಾರಾಯ. ಇಲ್ಲಿ ನೋಡು, ಕೊಕ್ಕೆಯ ತುದಿಯಲ್ಲಿ ಮಾತ್ರ ಬಣ್ಣ ಸವೆದು ಕಬ್ಬಿಣ ಹೊಳೀತಾ ಇದೆ. ಬುಡದ ಹತ್ತಿರ ಬಣ್ಣ ಹೊಸದರ ಹಾಗೇ ಇದೆ. ಅಂದರೆ ಕೊಕ್ಕೆ ಒಳಗೆ ಇಳಿಯಲೇ ಇಲ್ಲ. ಮರಳಿನ ಮೇಲೆ ತುದಿಕಾಲಲ್ಲಿ ಗೀರುತ್ತಾ ನಿನ್ನ ಹಿಂದೆಯೇ ಬಂದಿದೆ.

ಅಳಿಯ: ಹಾಗಾದರೆ ಭಾರ ಸಾಲಲಿಲ್ಲ. 6 ಕಿಲೋದ್ದು ತರಿಸಲಾ?

ಮಾವ: ತರಿಸಿದರೆ ಅದೂ ಗೀರ್ತದೆ, ಸ್ವಲ್ಪ ದಪ್ಪ ಗೀರು ಹಾಕ್ತದೆ ಅಷ್ಟೆ. ಈ ಕೊಕ್ಕೆಯ ಜಾತಿ ಇರುವುದು ಕಲ್ಲಿಗೆ. ಬಂಡೆಯ ಸಂದಿಗೋ ಮುಳುಗಿದ ಮರದ ಬೇರಿಗೋ ತೂರಿ ತಬ್ಬಿಕೊಳ್ಳಬೇಕು. ಹೊಳೆಯ ಮೇಲ್ಗಡೆ ಗುಂಡುಕಲ್ಲು ಸಿಗುವ ಕಡೆ ಹಾಕಿ ನೋಡು, ಇದೇ 3.2 ಕಿಲೋ ನಿನ್ನನ್ನು ಅಲ್ಲಾಡಲಿಕ್ಕೆ ಬಿಡುವುದಿಲ್ಲ. ನೀನು ಹಾಕಿದ್ದು ಮರಳಿಗೆ. ಅಂಗಡಿಯವನು ದೋಣಿಯ ಅಳತೆ ಕೇಳ್ತಾನೆ, ತಳ ಯಾವುದು ಅಂತ ಕೇಳುವುದಿಲ್ಲ. ಕೇಳಬೇಕಾದ್ದು ಮೊದಲು ಅದು.

ಅಳಿಯ: ನೀರು ಕದಡಿದೆ, ತಳ ಎಲ್ಲಿ ಕಾಣ್ತದೆ?

ಮಾವ: ಕಾಣುವುದು ಎಂತಕ್ಕೆ? ಬಿದಿರಿನ ಗಳ ಊರು, ಕೈಗೇ ಸುದ್ದಿ ಬರ್ತದೆ. ಮರಳಾದರೆ ಚರ್ ಅಂತ ಎರಡು ಇಂಚು ಇಳಿದು ನಿಲ್ತದೆ. ಕೆಸರಾದರೆ ಶಬ್ದವೇ ಇಲ್ಲ, ಸುಮ್ಮನೆ ಇಳೀತಾ ಹೋಗ್ತದೆ. ಎತ್ತುವಾಗ ಯಾರೋ ಕೆಳಗಿಂದ ಹಿಡಿದ ಹಾಗೆ ಎಳೀತದೆ. ಬಳಚಿನ ಚಿಪ್ಪಿದ್ದರೆ ಹುರಿದ ಅವಲಕ್ಕಿ ತುಳಿದ ಹಾಗೆ ಕರಕರ. ಕಲ್ಲಾದರೆ ಟಣ್ ಅಂತ ಅಂಗೈಗೇ ಹೊಡೀತದೆ. ಗಳ ಮುಟ್ಟದಷ್ಟು ಆಳ ಇದ್ದರೆ ಗಾಳದ ಸೀಸದ ಗುಂಡಿಗೆ ಬಟ್ಟೆ ಸೋಪಿನ ಚೂರು ಮೆತ್ತಿ ಇಳಿಸು. ಎತ್ತಿದಾಗ ತಳದ ಮಣ್ಣು ಸೋಪಿಗೆ ಅಂಟಿಕೊಂಡಿರ್ತದೆ. ಏನೂ ಅಂಟದೆ ಬರೀ ಗೀರು ಬಿದ್ದಿದ್ದರೆ ಕೆಳಗೆ ಬಂಡೆ ಅಂತ ತಿಳಿ.

ಅಳಿಯ: ಹಿಂದಿನ ಕಾಲದ ಹಡಗಿನವರೂ ಇದನ್ನೇ ಮಾಡ್ತಿದ್ದರಂತೆ ಮಾವ. ಆಳ ಅಳೆಯುವ ಸೀಸದ ತಳದಲ್ಲಿ ಒಂದು ಗುಳಿ. ಅದಕ್ಕೆ ದನದ ಕೊಬ್ಬು ತುಂಬಿ ಇಳಿಸ್ತಿದ್ದರು. ಕೊಬ್ಬಿಗೆ ಅಂಟಿದ ಮರಳಿನ ಬಣ್ಣ ನೋಡಿಯೇ ಯಾವ ಕರಾವಳಿ ಅಂತ ಹೇಳುವವರಿದ್ದರು.

ಮಾವ: ನಮ್ಮ ಅಪ್ಪನ ಕಾಲದಲ್ಲಿ ಲಂಗರಿಗೆ ದುಡ್ಡು ಕೊಟ್ಟವರೇ ಇಲ್ಲ. ಒಂದು ಚಿರೆಕಲ್ಲು, ನಡುವೆ ಹಗ್ಗ ಕೂರುವಷ್ಟು ಕಚ್ಚು ಕೆತ್ತಿದರೆ ಮುಗೀತು.

ಅಳಿಯ: ಅದೇ ಒಳ್ಳೆಯದಲ್ಲವಾ? ಕೊಟ್ಟಿಗೆಯ ಹಿಂದೆ ಬೇಕಾದಷ್ಟು ಬಿದ್ದಿವೆ.

ಮಾವ: ಒಂದು ತಾ. ಮೀನು ತೂಗುವ ಸ್ಪ್ರಿಂಗ್ ತಕ್ಕಡಿಯನ್ನೂ ತಾ. ಹಾಂ, ಈಗ ಎತ್ತು. ಎಷ್ಟು ತೋರಿಸ್ತದೆ?

ಅಳಿಯ: 12 ಕಿಲೋ.

ಮಾವ: ತಕ್ಕಡಿಯಲ್ಲೇ ನೇತುಹಾಕಿಕೊಂಡು ಕಲ್ಲನ್ನು ಪೂರ್ತಿ ನೀರಿಗೆ ಇಳಿಸು. ತಳಕ್ಕೆ ತಾಗಬಾರದು. ಈಗ?

ಅಳಿಯ: ಆರೂವರೆ! ಅರ್ಧಕ್ಕರ್ಧ ಹೋಯಿತಲ್ಲ.

ಮಾವ: ಇಲ್ಲಿ ನೆಲದ ಮೇಲೆ ಎತ್ತುವಾಗ ನಿನ್ನ ಸೊಂಟ 12 ಕಿಲೋ ಹೊರ್ತದೆ, ಹೊಳೆಯ ತಳದಲ್ಲಿ ಕೆಲಸ ಮಾಡುವುದು ಆರೂವರೆ. ಸಿಮೆಂಟು ತುಂಬಿದ ಡಬ್ಬಿಯೂ ಹಾಗೇ, ಹೆಚ್ಚು ಕಡಿಮೆ ನೂರಕ್ಕೆ ನಲವತ್ತು ಪಾಲು ನೀರಿನಲ್ಲಿ ಮಾಯ. ಕಬ್ಬಿಣ ಮಾತ್ರ ಅಷ್ಟು ಕಳಕೊಳ್ಳುವುದಿಲ್ಲ. 12 ಕಿಲೋ ಕಬ್ಬಿಣ ಒಳಗಡೆಯೂ ಹತ್ತೂವರೆಯ ಹತ್ತಿರ ಇರ್ತದೆ.

ಅಳಿಯ: ಸೀಸ ಇನ್ನೂ ಕಡಿಮೆ ಕಳಕೊಳ್ತದೆ. ಹಳೆ ಬ್ಯಾಟರಿಯ ಸೀಸ ಕರಗಿಸಿ ಎರಕ ಹೊಯ್ದರೆ?

ಮಾವ: ಅದು ಬೇಡವೇ ಬೇಡ. ಸೀಸ ಕರಗಿಸುವ ಹೊಗೆ ಕುಡಿದವನಿಗೂ ವಿಷ, ಸವೆದು ಬಿದ್ದರೆ ಹೊಳೆಗೂ ವಿಷ. ಗಾಳದ ಗುಂಡಿಗೇ ಬೇರೆ ಏನಾದರೂ ಸಿಕ್ಕರೆ ಒಳ್ಳೆಯದು ಅಂತ ನಾನು ಹೇಳುವವ. ಮತ್ತೆ ಕೇಳು. ಆ ಆರೂವರೆ ಕಿಲೋ ಕಲ್ಲು ಆರೂವರೆ ಕಿಲೋ ಎಳೆತವನ್ನು ತಡೀತದೆ ಅಂತಲೂ ಅಲ್ಲ. ಅದು ತಳವನ್ನು ಕಚ್ಚುವುದಿಲ್ಲ, ಬರೀ ಕೂತಿರ್ತದೆ. ಅಂಗಳದಲ್ಲಿ ಕಲ್ಲಿಗೆ ಹಗ್ಗ ಕಟ್ಟಿ ಅಡ್ಡಕ್ಕೆ ಎಳೆದು ನೋಡು. ಎತ್ತಲಿಕ್ಕೆ ಬೇಕಾದ ಬಲ ಬೇಡ, ಅದರ ಅರ್ಧಕ್ಕೇ ಜರುಗಲಿಕ್ಕೆ ಶುರು. ಕಲ್ಲು ನಿಂತ ನೀರಿಗೆ ಆದೀತು. ಕೆರೆಗೆ ಹಾಕು, ಅಷ್ಟಮಿಯ ಹೊತ್ತಿಗೆ ಭರತವೂ ಇಳಿತವೂ ಸಪ್ಪೆ ಇದ್ದಾಗ ಇಲ್ಲಿಯೂ ಹಾಕು. ಹುಣ್ಣಿಮೆ ಅಮಾವಾಸ್ಯೆಯ ಇಳಿತಕ್ಕೆ ಕಲ್ಲನ್ನು ನಂಬಬೇಡ.

ಅಳಿಯ: ದ್ವಾರಕೆಯ ಕಡಲಲ್ಲಿ ಸಿಕ್ಕ ಲಂಗರುಗಳ ನೆನಪಾಯಿತು. ಎಸ್. ಆರ್. ರಾವ್ ಅಂತ, ಲೋಥಲ್ ಅಗೆದವರು, ನಮ್ಮ ಆನಂದಪುರದಲ್ಲಿ ಹುಟ್ಟಿದವರು. 1980ರ ದಶಕದಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಮುಳುಗುಗಾರರನ್ನು ಕಟ್ಟಿಕೊಂಡು ಅಲ್ಲಿ ಹುಡುಕಿದರು. ಕಲ್ಲಿನ ಲಂಗರುಗಳು ಸಾಲು ಸಾಲು ಸಿಕ್ಕವು. ಕೆಲವು ತ್ರಿಕೋನದ ಹಲಗೆಯಂಥ ಕಲ್ಲು, ಅದರಲ್ಲಿ ಮೂರು ತೂತು. ಮೇಲಿನ ಒಂದು ತೂತು ಹಗ್ಗಕ್ಕೆ. ಕೆಳಗಿನ ಎರಡಕ್ಕೆ ಮರದ ಗೂಟ ತೂರಿಸ್ತಿದ್ದರು, ಆ ಗೂಟ ತಳವನ್ನು ಕಚ್ಚಲಿ ಅಂತ.

ಮಾವ: ನೋಡಿದೆಯಾ! ಬರೀ ಭಾರ ಸಾಲದು ಅಂತ ಆ ಪುಣ್ಯಾತ್ಮರಿಗೆ ಆಗಲೇ ಗೊತ್ತಿತ್ತು. ನಮ್ಮಲ್ಲೂ ಅಜ್ಜಂದಿರು ಕಲ್ಲಿನ ಎರಡೂ ಬದಿಗೆ ಮರದ ಕವೆ ಬಿಗಿದು ಕಟ್ಟುವುದಿತ್ತು. ಲಂಗರು ಅಂದರೆ ಹೊಳೆಯ ತಳದಲ್ಲಿ ಉಳುವ ನೇಗಿಲು, ತಮ್ಮಾ.

ಅಳಿಯ: ಮಾವ, ನಿಜವಾಗಿ ನೇಗಿಲೇ ಇದೆ! ಇಂಗ್ಲೆಂಡಿನಲ್ಲಿ ಜಿ. ಐ. ಟೇಲರ್ ಅಂತ ದೊಡ್ಡ ವಿಜ್ಞಾನಿ, ನೀರು ಗಾಳಿಗಳ ಸುಳಿಯ ಲೆಕ್ಕ ಬಿಡಿಸಿದವರು. ಅವರಿಗೆ ಹಾಯಿದೋಣಿಯ ಹುಚ್ಚು. 1933ರಲ್ಲಿ ನೇಗಿಲ ಗುಳದ ಆಕಾರದ ಲಂಗರು ಮಾಡಿದರು. ಅದಕ್ಕೆ ಸಿ.ಕ್ಯೂ.ಆರ್. ಅಂತ ಹೆಸರು. ಈಗಲೂ ಹಾಯಿದೋಣಿಗಳಲ್ಲಿ ಅದು ನಡೀತಾ ಇದೆ.

ಮಾವ: ಒಳ್ಳೆ ತಲೆ ಅವರದ್ದು. ಹಾಗಾದರೆ ನಿನಗೆ ಹಗ್ಗದ ವಿಷಯವನ್ನು ನೇಗಿಲಿನಲ್ಲೇ ಹೇಳ್ತೇನೆ. ಬೈಲಿನಲ್ಲಿ ಉಳುವಾಗ ನೀನು ಮೇಣಿ ಹಿಡಿದಿದ್ದೀ ಅಂತ ಇಟ್ಟುಕೋ. ಈಸನ್ನು ಎತ್ತರಕ್ಕೆ ಕಟ್ಟಿ ಎತ್ತು ಮೇಲ್ಮುಖ ಎಳೆದರೆ ಗುಳ ಏನಾಗ್ತದೆ?

ಅಳಿಯ: ಮಣ್ಣು ಬಿಟ್ಟು ಮೇಲೆ ಬರ್ತದೆ.

ಮಾವ: ನಿನ್ನೆ ಎಷ್ಟು ಹಗ್ಗ ಬಿಟ್ಟಿದ್ದೆ?

ಅಳಿಯ: ತಳ ಮುಟ್ಟಿತು ಅಂತ ಗೊತ್ತಾದ ಮೇಲೆ ಇನ್ನೊಂದು ಮಾರು ಬಿಟ್ಟು ಕಟ್ಟಿದೆ.

ಮಾವ: ಸರಿಯಾಗಿಯೇ ಮಾಡಿದ್ದೀ, ದೋಣಿ ಓಡಿಸಲಿಕ್ಕೆ! ಹಗ್ಗ ಕೆಳಗಿಂದ ಮೇಲಕ್ಕೆ ಕಂಬದ ಹಾಗೆ ನಿಂತಿತ್ತು. ಅಲೆ ಎದ್ದಾಗಲೆಲ್ಲ ದೋಣಿಯೇ ಲಂಗರನ್ನು ಕಿತ್ತು ಕಿತ್ತು ಎತ್ತಿದೆ. ಹಗ್ಗ ಮಲಗಬೇಕು. ಮಲಗಿ, ತಳದ ಉದ್ದಕ್ಕೆ ಎಳೆದರೆ ಕೊಕ್ಕೆ ಇಳೀತದೆ. ಲೆಕ್ಕ ಇಷ್ಟೇ: ಒಂದು ಮಾರು ಆಳಕ್ಕೆ ಐದು ಮಾರು ಹಗ್ಗ. ಹರಿವು ಜೋರಿದ್ದರೆ ಏಳು. ಆಳ ಅಂದರೆ ನೀರಿನ ಆಳ ಮಾತ್ರ ಅಲ್ಲ, ದೋಣಿಯ ಮೂತಿ ನೀರಿಂದ ಎಷ್ಟು ಮೇಲಿದೆಯೋ ಅದನ್ನೂ ಸೇರಿಸು.

ಅಳಿಯ: ನಾನು ನಿಂತ ಕಡೆ ಎರಡು ಮಾರು ಇತ್ತು. ಹತ್ತು ಮಾರು ಹಗ್ಗ ಬೇಕಿತ್ತು.

ಮಾವ: ಹತ್ತು ಬಿಟ್ಟು ಕೂತಿದ್ದರೂ ಸಂಜೆ ಜಾರ್ತಿದ್ದೆ. ನೀನು ಹಾಕಿದ್ದು ಇಳಿತ ಮುಗಿದ ಹೊತ್ತಿಗೆ. ಭರತ ಏರಿದ ಮೇಲೆ ಅಲ್ಲಿ ಇನ್ನೊಂದು ಮಾರು ನೀರು ಏರ್ತದೆ. ಮೂರು ಮಾರು ಆಳಕ್ಕೆ ಹದಿನೈದು. ಇಳಿತದಲ್ಲಿ ನಿಂತು ಭರತದ ಲೆಕ್ಕ ಹಾಕಬೇಕು. ಈ ಹೊಳೆಯಲ್ಲಿ ಹುಟ್ಟಿ ಬೆಳೆದವನು ನೀನು, ಇದನ್ನು ನಾನು ಹೇಳಬೇಕಾ?

ಅಳಿಯ: ಹಗ್ಗ ಯಾವುದು ತರಲಿ? ಮನೆಯಲ್ಲಿ ಹಳದಿ ಪ್ಲಾಸ್ಟಿಕ್ ಹಗ್ಗ ಇದೆ.

ಮಾವ: ಅದು ತೇಲ್ತದೆ. ಹಗ್ಗ ಮಲಗಬೇಕು ಅಂದೆನಲ್ಲ, ಅದು ಮಲಗುವುದಿಲ್ಲ. ಮೇಲೆ ಹಾವಿನ ಹಾಗೆ ಹರಿದಾಡಿ ನಿನ್ನ ಮೋಟರಿನ ರೆಕ್ಕೆಗೇ ಸುತ್ತಿಕೊಳ್ತದೆ. ನೈಲಾನ್ ತಾ. ಮುಳುಗ್ತದೆ, ಸ್ವಲ್ಪ ಹಿಗ್ತದೆ. ಆ ಹಿಗ್ಗುವಿಕೆ ಅಲೆಯ ಪೆಟ್ಟನ್ನು ನುಂಗ್ತದೆ. 10 ಮಿಲಿಮೀಟರ್ ದಪ್ಪ ಸಾಕು. ನಿನ್ನ ದೋಣಿಗೆ ಅದಕ್ಕಿಂತ ಸಣ್ಣದೂ ತಡೀತದೆ, ಆದರೆ ಒದ್ದೆ ಹಗ್ಗ ಎಳೆಯುವಾಗ ಅಂಗೈ ಕುಯ್ತದೆ. ಹಗ್ಗಕ್ಕೂ ಲಂಗರಿಗೂ ನಡುವೆ ಒಂದು ಮಾರು ಸರಪಳಿ ಹಾಕು. 8 ಮಿಲಿಮೀಟರಿನ ಸರಪಳಿ ಅಷ್ಟುದ್ದಕ್ಕೆ ಎರಡೂವರೆ ಕಿಲೋದ ಹತ್ತಿರ ತೂಗ್ತದೆ. ಅದು ತಳದಲ್ಲಿ ಬಿದ್ದುಕೊಂಡು ಎಳೆತವನ್ನು ಕೆಳಕ್ಕೆ ಬಗ್ಗಿಸ್ತದೆ. ಚಿಪ್ಪಿಗೆ ಉಜ್ಜಿ ಹಗ್ಗ ಸವೆಯುವುದೂ ತಪ್ತದೆ. ಸರಪಳಿ ಜೋಡಿಸುವ ಶಕಲ್ಲಿನ ಪಿನ್ನನ್ನು ತಂತಿ ಸುತ್ತಿ ಕಟ್ಟು, ಇಲ್ಲದಿದ್ದರೆ ತಿರುಗಿ ತಿರುಗಿ ಅದೇ ಬಿಚ್ಚಿಕೊಳ್ತದೆ. ನನ್ನದೊಂದು ಲಂಗರು ಹೀಗೇ ಹೊಳೆಗೆ ದಾನವಾಗಿದೆ.

ಅಳಿಯ: ಅಂದರೆ ಕಬ್ಬಿಣಕ್ಕಿಂತ ಹಗ್ಗಕ್ಕೇ ಹೆಚ್ಚು ಖರ್ಚು.

ಮಾವ: ಆಗಲಿ. ಖರ್ಚಾಗಬೇಕಾದ್ದು ಅಲ್ಲೇ.

ಅಳಿಯ: ಈಗ ಮರಳಿಗೆ ಯಾವುದು ಹೇಳಿ. ಕಾಣೆ ಸಿಗುವುದು ಮರಳಿನಲ್ಲೇ. ಡ್ಯಾನ್‌ಫರ್ತ್ ಅಂತ ಒಂದು ನೋಡಿದ್ದೇನೆ. ಎರಡು ಚಪ್ಪಟೆ ತಗಡು, ಕೀಲಿನ ಮೇಲೆ ಅತ್ತಿತ್ತ ಆಡ್ತವೆ.

ಮಾವ: ಎರಡು ಗುದ್ದಲಿ ಜೋಡಿಸಿದ ಹಾಗೆ ಇರ್ತದಲ್ಲ, ಅದಾ? ನಮ್ಮ ದೊಡ್ಡ ಬೋಟಿನವರ ಹತ್ತಿರ ನೋಡಿದ್ದೇನೆ. ಮರಳಿಗೆ ಅದರಷ್ಟು ಒಳ್ಳೆಯದು ನಾನು ಕಂಡಿಲ್ಲ. ಯಾವ ಮಗ್ಗುಲಿಗೆ ಬಿದ್ದರೂ ತಗಡು ಕೆಳಕ್ಕೇ ವಾಲ್ತದೆ. ಎಳೆದಷ್ಟೂ ಹೂತುಕೊಳ್ತದೆ.

ಅಳಿಯ: ರಿಚರ್ಡ್ ಡ್ಯಾನ್‌ಫರ್ತ್ ಅಂತ ಅಮೆರಿಕದವರು 1940ರ ಸುಮಾರಿಗೆ ಮಾಡಿದ್ದು. ಎರಡನೇ ಮಹಾಯುದ್ಧದಲ್ಲಿ ಸೈನ್ಯವನ್ನು ದಡಕ್ಕೆ ಇಳಿಸುವ ನೌಕೆಗಳಿಗೆ ಇದನ್ನೇ ಹಾಕಿದರು. ದಡಕ್ಕೆ ನುಗ್ಗುವ ಮೊದಲೇ ಹಿಂದಿನಿಂದ ಲಂಗರು ಬಿಟ್ಟುಕೊಂಡು ಹೋಗುವುದು, ಸೈನಿಕರು ಇಳಿದ ಮೇಲೆ ಆ ಹಗ್ಗವನ್ನೇ ಸುತ್ತಿ ನೌಕೆಯನ್ನು ಮರಳಿನಿಂದ ಹಿಂದಕ್ಕೆ ಎಳೆದುಕೊಳ್ಳುವುದು. ಭಾರ ಕಡಿಮೆ, ಹಿಡಿತ ಹೆಚ್ಚು, ಅದಕ್ಕೇ ಹೆಸರಾಯಿತು.

ಮಾವ: ಸರಿ. ಆದರೆ ಅದಕ್ಕೆ ನಮ್ಮ ಹೊಳೆಯಲ್ಲಿ ಎರಡು ತೊಂದರೆ ಇದೆ. ಒಂದು, ಕೀಲು. ಒಂದು ಬಳಚಿನ ಚಿಪ್ಪೋ ಕಡ್ಡಿಯೋ ಕೀಲಿನ ಸಂದಿಗೆ ಸಿಕ್ಕಿಕೊಂಡರೆ ತಗಡು ವಾಲುವುದೇ ಇಲ್ಲ, ಹಲಗೆಯ ಹಾಗೆ ಜಾರ್ತಾ ಬರ್ತದೆ. ಎತ್ತಿದಾಗಲೆಲ್ಲ ಕೀಲು ತೊಳೆದು ಆಡಿಸಿ ನೋಡಬೇಕು. ಇನ್ನೊಂದು ದೊಡ್ಡದು. ಘಟ್ಟದ ಮೇಲಿನ ಹೊಳೆಯ ನೀರು ಒಂದೇ ಕಡೆ ಹರೀತದೆ, ಅಲ್ಲಿ ಲಂಗರು ಒಮ್ಮೆ ಕಚ್ಚಿದರೆ ಕಚ್ಚಿತು. ಇಲ್ಲಿ ಅಳಿವೆಯ ಹತ್ತಿರ ಆರು ತಾಸಿಗೊಮ್ಮೆ ಹೊಳೆ ದಿಕ್ಕು ಬದಲಿಸ್ತದೆ. ದೋಣಿ ಲಂಗರನ್ನು ದಾಟಿ ಆಚೆ ಹೋಗ್ತದೆ, ಹಗ್ಗ ಹಿಂದಿನಿಂದ ಎಳೀತದೆ, ಹೂತ ತಗಡು ಕಿತ್ತು ಬರ್ತದೆ. ಮತ್ತೆ ಕಚ್ಚಿದರೆ ನಿನ್ನ ಪುಣ್ಯ. ಹಗ್ಗ ತಗಡಿಗೆ ಸುತ್ತಿಕೊಂಡರೆ ಕಚ್ಚುವುದೇ ಇಲ್ಲ. ಅದಕ್ಕೆ ಇಳಿತ ನಿಂತು ನೀರು ಸ್ತಬ್ಧ ಆಗ್ತದಲ್ಲ, ಆ ಹೊತ್ತಿಗೆ ಗಾಳ ಮೇಲೆ ತಗೊಂಡು ಲಂಗರನ್ನೂ ಎತ್ತಿ, ತೊಳೆದು, ಹೊಸದಾಗಿ ಹಾಕು. ಮೀನೂ ಆ ಹೊತ್ತಿಗೆ ಕಚ್ಚುವುದು ಕಡಿಮೆ. ನಷ್ಟ ಎಂತದ್ದೂ ಇಲ್ಲ.

ಅಳಿಯ: ಕಚ್ಚಿದೆಯೋ ಇಲ್ಲವೋ ಅಂತ ಹೇಗೆ ತಿಳಿಯುವುದು? ನಿನ್ನೆ ನನಗೆ ಗೊತ್ತಾಗದೇ ಹೋದದ್ದು ಅದೇ.

ಮಾವ: ದಂಡೆಯಲ್ಲಿ ಎರಡು ಗುರುತು ಹಿಡಿ, ಒಂದರ ಹಿಂದೆ ಒಂದು. ಮುಂದೊಂದು ತೆಂಗಿನ ಮರ, ಅದರ ಹಿಂದೆ ಮನೆಯ ಮೂಲೆ. ಎರಡೂ ಒಂದೇ ಗೆರೆಯಲ್ಲಿ ಇದ್ದರೆ ನಿಂತಿದ್ದೀ. ಮರ ಮನೆಯನ್ನು ಬಿಟ್ಟು ಈಚೆ ಬಂತೋ, ಜಾರ್ತಾ ಇದ್ದೀ. ಮತ್ತೆ ಹಗ್ಗಕ್ಕೆ ಎರಡು ಬೆರಳು ಇಟ್ಟು ನೋಡು. ಕಚ್ಚಿದ ಹಗ್ಗ ಬಿಗಿಯಾಗಿ ಸುಮ್ಮನೆ ಇರ್ತದೆ. ಜಾರುವ ಹಗ್ಗದಲ್ಲಿ ಬರಬರ ಅಂತ ಸಣ್ಣ ನಡುಕ ಬರ್ತದೆ, ಸಡಿಲ ಆಗ್ತದೆ, ಮತ್ತೆ ಬಿಗಿ ಆಗ್ತದೆ. ಹಾಕುವಾಗಲೂ ಲಂಗರನ್ನು ಬೀಸಿ ಎಸೆಯಬೇಡ. ನಿಲ್ಲಬೇಕಾದ ಜಾಗಕ್ಕಿಂತ ಹರಿವಿನ ಮೇಲಕ್ಕೆ ಹೋಗಿ ಮೆಲ್ಲಗೆ ಇಳಿಸು. ದೋಣಿ ಹಿಂದೆ ಹಿಂದೆ ಬರಲಿ, ಹಗ್ಗ ಬಿಡ್ತಾ ಬಾ, ಕೊನೆಗೆ ಒಂದು ಜಗ್ಗು ಜಗ್ಗು.

ಅಳಿಯ: ಕೆಸರಿಗೆ? ಅಣಬೆಯ ಆಕಾರದ್ದು ಒಂದಿದೆ, ಮಶ್ರೂಮ್ ಲಂಗರು ಅಂತಲೇ ಹೆಸರು.

ಮಾವ: ಅದು ವರ್ಷಗಟ್ಟಲೆ ಒಂದೇ ಕಡೆ ಬಿಡುವುದಕ್ಕೆ. ನಿಧಾನಕ್ಕೆ ಹೂತುಕೊಂಡು ಹೋಗಿ ಹಿಡೀತದೆ. ಎರಡು ತಾಸು ಗಾಳ ಹಾಕುವವನಿಗೆ ಅದು ದುಂಡಗಿನ ಒಂದು ಭಾರ, ಅಷ್ಟೆ. ಕೆಸರಿನ ಮಾತು ಆಮೇಲೆ ಹೇಳ್ತೇನೆ. ಮೊದಲು ಇದನ್ನು ಹೇಳು, ನಿನ್ನೆ ಹಗ್ಗ ಎಲ್ಲಿ ಕಟ್ಟಿದ್ದೆ?

ಅಳಿಯ: ಹಿಂದೆ, ಮೋಟರಿನ ಪಕ್ಕ. ನಾನು ಅಲ್ಲೇ ಕೂರುವುದಲ್ಲ, ಕೈಗೆ ಹತ್ತಿರ ಅಂತ.

ಮಾವ: ಜಾರಿದ್ದು ಒಳ್ಳೆಯದಾಯಿತು.

ಅಳಿಯ: ಎಂತ ಮಾವ ಹಾಗಂದರೆ?

ಮಾವ: ಕಚ್ಚಿದ್ದಿದ್ದರೆ ಇವತ್ತು ಇಲ್ಲಿ ಹೀಗೆ ಕೂತು ಮಾತಾಡ್ತಿರಲಿಲ್ಲವೋ ಏನೋ. ನನಗಾಗ ಇಪ್ಪತ್ತೆರಡು ವರ್ಷ. ಹುಣ್ಣಿಮೆಯ ಮರುದಿನ, ಇಳಿತ ಜೋರು. ಮರದ ಪಾತಿ ದೋಣಿ, ನಾನೂ ನನ್ನ ಜೊತೆಗಾರನೂ. ಕೆಂಬೇರಿ ಕಚ್ಚುವ ಜಾಗ, ಕೆಳಗೆ ಬಂಡೆ. ಇಬ್ಬರಿಗೂ ಹಿಂದೆ ಕೂತು ಗಾಳ ಬಿಡಲಿಕ್ಕೆ ಸಲೀಸು ಅಂತ ಲಂಗರಿನ ಹಗ್ಗವನ್ನು ನಾನೇ ಹಿಂಬದಿಯ ಅಡ್ಡಪಟ್ಟಿಗೆ ಕಟ್ಟಿದೆ. ಮೊದಲು ಏನೂ ಆಗಲಿಲ್ಲ. ಹರಿವು ಏರ್ತಾ ಬಂತು. ಹಿಂಬದಿಯಲ್ಲಿ ನೀರು ದಿಂಬಿನ ಹಾಗೆ ಉಬ್ಬಿ ನಿಂತದ್ದು ಕಂಡಿತು. ಅದು ಚಂದ ಕಾಣ್ತದೆ, ಗೊತ್ತಾ? ನಾನು ಅದನ್ನೇ ನೋಡ್ತಾ ಕೂತಿದ್ದೆ. ಆಮೇಲೆ ಒಂದು ತೆಳ್ಳನೆ ಪದರ ಅಂಚು ದಾಟಿ ಒಳಗೆ ಬಂತು. ಒಂದು ಲೋಟ ನೀರು ಇರಬಹುದು. ಆ ಭಾರಕ್ಕೆ ದೋಣಿ ಒಂದು ಬೆರಳು ಕೆಳಗೆ ಹೋಯಿತು. ಮುಂದಿನ ಸಲ ಒಂದು ಕೊಡ ಬಂತು. ನಾನು ಗಂಟಿಗೆ ಕೈ ಹಾಕಿದೆ. ಬಿಗಿದ ಒದ್ದೆ ಗಂಟು, ಉಗುರೂ ಇಳಿಯಲಿಲ್ಲ. ಅಷ್ಟರಲ್ಲಿ ನೀರು ಮೊಣಕಾಲಿಗೆ. ಜೊತೆಗಾರ ಮೀನು ಕೊಯ್ಯುವ ಕತ್ತಿಯಿಂದ ಹಗ್ಗಕ್ಕೆ ಎರಡು ಸಲ ಗೀರಿದ. ಹಗ್ಗ ತುಂಡಾಯಿತು, ದೋಣಿಯೂ ಮಗುಚಿತು. ಕಾಂಡ್ಲಾದ ಬೇರು ಹಿಡಿದು ದಂಡೆ ಹತ್ತಿದೆವು. ಬಲೆ, ಹುಟ್ಟು, ಮೀನಿನ ಬುಟ್ಟಿ ಎಲ್ಲ ಕಡಲಿಗೆ. ಅಂಚು ದಾಟಿದ ಲೋಟದ ನೀರಿನಿಂದ ಮಗುಚುವ ತನಕ ಎಷ್ಟು ಹೊತ್ತು ಅಂತೀ? ಎರಡು ಎಲೆ ಅಡಿಕೆ ಬಾಯಿಗೆ ಹಾಕುವಷ್ಟೂ ಇಲ್ಲ.

ಅಳಿಯ: ಇದನ್ನು ನೀವು ಯಾವತ್ತೂ ಹೇಳಿರಲಿಲ್ಲ.

ಮಾವ: ನಿನ್ನ ಅಮ್ಮನಿಗೆ ಈಗಲೂ ಗೊತ್ತಿಲ್ಲ. ದೋಣಿಯ ಮೂತಿ ನೀರನ್ನು ಸೀಳಲಿಕ್ಕೆ ಅಂತ ಮಾಡಿದ್ದು, ಎತ್ತರ ಇರ್ತದೆ, ಚೂಪಾಗಿರ್ತದೆ. ಹಿಂಬದಿ ತಗ್ಗು, ಚಪ್ಪಟೆ. ನಿನ್ನದಕ್ಕೆ ಅಲ್ಲೇ ಮೋಟರು, ಅಲ್ಲೇ ಪೆಟ್ರೋಲು, ಅಲ್ಲೇ ನೀನು. ಅದನ್ನೇ ಹರಿವಿಗೆ ಒಡ್ಡಿ ಕಟ್ಟಿದರೆ ನೀರು ಗೋಡೆಗೆ ಹೊಡೆದ ಹಾಗೆ ಹೊಡೀತದೆ, ಹಗ್ಗ ಕೆಳಕ್ಕೆ ಜಗ್ತದೆ. ಬದಿಗೆ ಕಟ್ಟಿದರೂ ಅಷ್ಟೆ, ದೋಣಿ ಅಡ್ಡ ತಿರುಗಿ ಉರುಳ್ತದೆ. ಲಂಗರು ಮೂತಿಗೆ ಮಾತ್ರ.

ಅಳಿಯ: ಲೆಕ್ಕದಲ್ಲಿ ನೋಡಿದರೂ ಹಾಗೇ ಮಾವ. ಹರಿವಿನ ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು. ಸಂಜೆ ನಾಲ್ಕಕ್ಕೆ ಸಲೀಸಾಗಿದ್ದದ್ದು ಐದಕ್ಕೆ ಬೇರೆಯೇ ಆಗಿರ್ತದೆ.

ಮಾವ: ಅದೇ ಮತ್ತೆ. ನಮ್ಮ ಹೊಳೆಗೆ ಎಲ್ಲೂ ಅಣೆಕಟ್ಟು ಇಲ್ಲ. ಶಿರಸಿಯಲ್ಲಿ ಹುಟ್ಟಿ ಸುಮಾರು 120 ಕಿಲೋಮೀಟರ್ ಬಿಡುಬೀಸಾಗಿ ಬರ್ತದೆ, ಅದು ನಮ್ಮ ಭಾಗ್ಯ. ಆದರೆ ಘಟ್ಟದಲ್ಲಿ ಮಳೆ ಹೊಡೆದರೆ ತಡೆಯುವವರೂ ಇಲ್ಲ. ಇಲ್ಲಿ ಬಿಸಿಲಿರ್ತದೆ, ಕೆಂಪು ನೀರು ದಿಮ್ಮಿ ಹೊತ್ತುಕೊಂಡು ಬಂದೇ ಬಿಡ್ತದೆ. ಲಂಗರಿನ ಹಗ್ಗಕ್ಕೆ ಒಂದು ಮರ ಬಂದು ಕೂತರೆ ಎಂತ ಮಾಡ್ತೀ? ಆ ನೀರು ಕಂಡ ದಿನ ಲಂಗರು ಹಾಕುವುದೇ ಬೇಡ. ಹಾಕಿದ್ದರೆ ತಕ್ಷಣ ಬಿಡಿಸಿಕೊಳ್ಳುವ ಹಾಗಿರಬೇಕು. ಅಂಗಡಿಯಲ್ಲಿ ನಿಂತಾಗ ಇದು ಎಷ್ಟು ಹಿಡೀತದೆ ಅಂತ ಎಲ್ಲರೂ ಕೇಳ್ತಾರೆ. ನಾನು ಕೇಳುವುದು, ಇದರಿಂದ ಬಿಡಿಸಿಕೊಳ್ಳುವುದು ಹೇಗೆ ಅಂತ.

ಅಳಿಯ: ಹೇಗೆ?

ಮಾವ: ಮೊದಲು ಗಂಟು. ದನ ಕಟ್ಟುವ ಗಂಟು ಹಾಕು, ತುದಿ ಎಳೆದರೆ ಬಿಚ್ಚಬೇಕು. ಹಗ್ಗದ ಕೊನೆಗೆ 5 ಲೀಟರಿನ ಖಾಲಿ ಎಣ್ಣೆ ಕ್ಯಾನು ಕಟ್ಟಿಡು, ಮುಚ್ಚಳ ಬಿಗಿ ಇರಲಿ. ಅಪಾಯ ಕಂಡರೆ ಹಗ್ಗವನ್ನು ಹಾಗೇ ನೀರಿಗೆ ಬಿಟ್ಟುಬಿಡು. ಕ್ಯಾನು ತೇಲ್ತಾ ಇರ್ತದೆ, ಹರಿವು ಇಳಿದ ಮೇಲೆ ಬಂದು ಎತ್ತಿಕೋ.

ಅಳಿಯ: ಅಮೆರಿಕದ ಕೊಲಂಬಿಯಾ ನದಿಯಲ್ಲಿ ಸಾಲ್ಮನ್ ಹಿಡಿಯುವವರೂ ಹೀಗೇ ಮಾಡ್ತಾರೆ. ಲಂಗರಿನ ಹಗ್ಗಕ್ಕೆ ದೊಡ್ಡ ತೇಲುಚೆಂಡು ಇರ್ತದೆ. ದೊಡ್ಡ ಮೀನು ಕಚ್ಚಿ ಎಳೆದರೆ, ಇಲ್ಲವೇ ಹಡಗು ಬಂದರೆ, ಹಗ್ಗ ಬಿಟ್ಟು ಹೋಗಿ ಆಮೇಲೆ ವಾಪಸ್ ಬರ್ತಾರೆ.

ಮಾವ: ದೊಡ್ಡ ಹೊಳೆಯವರಿಗೆಲ್ಲ ಒಂದೇ ಬುದ್ಧಿ ಬರ್ತದೆ. ಮೂತಿಯ ಹತ್ತಿರ ಒಂದು ಚೂರಿ ದಾರ ಕಟ್ಟಿ ಇಡು. ಡಬ್ಬಿಯೊಳಗೆ ಅಲ್ಲ, ಕೈಗೆ ಸಿಗುವ ಹಾಗೆ. ಹಗ್ಗವನ್ನು ಬುಟ್ಟಿಯಲ್ಲಿ ಸುತ್ತಿಡು, ಸುತ್ತಿನೊಳಗೆ ಕಾಲು ಇಡಬೇಡ. ಲೈಫ್ ಜಾಕೆಟ್ ಮೈಮೇಲೆ ಇರಲಿ, ಕೂರಲಿಕ್ಕೆ ಮೆತ್ತೆ ಮಾಡಿಕೊಳ್ಳಬೇಡ, ನಿನ್ನೆ ನೋಡಿದೆ ನಾನು. ಆಮೇಲೆ ಬಂಡೆಯಲ್ಲಿ ಸಿಕ್ಕಿಕೊಂಡಾಗಿನದು. ಆ ಮಡಚುವ ಲಂಗರು ಕೊಡು, ಕಟ್ಟಿಯೇ ತೋರಿಸ್ತೇನೆ. ಎಲ್ಲರೂ ಸರಪಳಿಯನ್ನು ಈ ಮೇಲಿನ ಬಳೆಗೆ ಹಾಕ್ತಾರೆ. ನೀನು ಕೆಳಗೆ ಹಾಕು, ಕೊಕ್ಕೆಗಳು ಕೂಡುವ ಬುಡಕ್ಕೆ, ಇಲ್ಲಿ. ಹಾಕಿ, ಸರಪಳಿಯನ್ನು ದಂಡಿನ ಉದ್ದಕ್ಕೆ ಮೇಲೆ ತಂದು ಈ ಬಳೆಗೆ ಸೆಣಬಿನ ದಾರದಲ್ಲಿ ಎರಡು ಸುತ್ತು ಕಟ್ಟು. ದಾರ ಕಣ್ಣಿಗೆ ಬಡವಾಗಿ ಕಾಣಬೇಕು. ಸಾಧಾರಣ ಎಳೆತಕ್ಕೆ ಅದು ತಡೀತದೆ, ಲಂಗರು ಮೇಲಿನಿಂದ ಎಳೆದ ಹಾಗೇ ಕೆಲಸ ಮಾಡ್ತದೆ. ಬಂಡೆಯಲ್ಲಿ ಸಿಕ್ಕಿಕೊಂಡಿತು ಅಂತಾದರೆ ದೋಣಿಯನ್ನು ಅದರ ನೆತ್ತಿಗೆ ತಂದು ಜೋರಾಗಿ ಜಗ್ಗು. ದಾರ ಪಟ್ ಅಂತ ಹರೀತದೆ. ಈಗ ಎಳೆತ ಬುಡದಿಂದ. ಕೊಕ್ಕೆ ಹೋದ ದಾರಿಯಲ್ಲೇ ಹಿಂದಕ್ಕೆ ಬರ್ತದೆ.

ಅಳಿಯ: ಎಂಟಾಣೆಯ ದಾರ ಲಂಗರನ್ನು ಉಳಿಸ್ತದೆ.

ಮಾವ: ಆದರೆ ರಾತ್ರಿ ದೋಣಿ ಬಿಟ್ಟು ಬರುವಾಗ ಇದನ್ನು ಮಾಡಬೇಡ. ಭರತ ತಿರುಗುವಾಗಿನ ಜಗ್ಗಾಟಕ್ಕೇ ದಾರ ಹರಿದರೆ ಬೆಳಿಗ್ಗೆ ದೋಣಿ ಅಳಿವೆಯ ಬಾಯಲ್ಲಿ, ತದಡಿಯಲ್ಲಿ ಸಿಗ್ತದೆ.

ಅಳಿಯ: ಹಾಗಾದರೆ ನಾನು ಎರಡು ಲಂಗರು ಇಟ್ಟುಕೊಳ್ಳಬೇಕು. ಮರಳಿಗೆ ತಗಡಿನದ್ದು, ಕಲ್ಲಿಗೆ ಕೊಕ್ಕೆಯದ್ದು.

ಮಾವ: ಹೌದು. ತಗಡಿನದ್ದು ಕೊಂಡುಕೋ, 4 ಕಿಲೋ ಇದ್ದರೆ ನಿನ್ನ ದೋಣಿಗೆ ಸರಪಳಿ ಸೇರಿ ಸಾಕು. ಕೊಕ್ಕೆಯದ್ದನ್ನು ಕುಮಟೆಯಲ್ಲಿ ವೆಲ್ಡಿಂಗಿನವನ ಹತ್ತಿರ ಮಾಡಿಸುವ. ಒಂದೂವರೆ ಅಡಿ ಪೈಪು, ಅದರೊಳಗಿಂದ ನಾಲ್ಕು ಸರಳು ಹಾಯಿಸಿ ತುದಿ ಬಗ್ಗಿಸುವುದು. 8 ಮಿಲಿಮೀಟರಿನ ಮೆತು ಸರಳು ಸಾಕು ಅಂತ ಹೇಳು. ಅವನು 12ರದ್ದು ಹಾಕ್ತೇನೆ, ಗಟ್ಟಿ ಇರ್ತದೆ ಅಂತಾನೆ. ಒಪ್ಪಬೇಡ. ಬಂಡೆಗೆ ಸಿಕ್ಕಿಕೊಂಡರೆ ಸರಳು ನೆಟ್ಟಗಾಗಿ ಬಿಟ್ಟು ಬರಬೇಕು. ಮನೆಗೆ ತಂದು ಮತ್ತೆ ಬಗ್ಗಿಸಿದರಾಯಿತು.

ಅಳಿಯ: ಇವೆರಡು ಇದ್ದರೆ ಹೊಳೆಯಲ್ಲಿ ಎಲ್ಲಿ ಬೇಕಾದರೂ ಹಾಕಬಹುದು.

ಮಾವ: ಬಳಚಿನ ಹಾಸಿನ ಮೇಲೆ ಹಾಕಬೇಡ. ಗಳ ಊರಿದಾಗ ಕರಕರ ಅಂದ ಜಾಗ ಬಿಟ್ಟು ಮುಂದೆ ಹೋಗು. ಅಲ್ಲಿ ನಿನ್ನ ಲಂಗರು ಹತ್ತು ಅಡಿ ಗೀರಿದರೆ ಅಷ್ಟು ಉದ್ದ ಮರಿ ಬಳಚು ಹೋಯಿತು. ಇಳಿತದಲ್ಲಿ ಎದೆಮಟ್ಟ ನೀರಲ್ಲಿ ನಿಂತು ಅದನ್ನು ಆರಿಸಿ ಮಾರಿ ಮಕ್ಕಳನ್ನು ಓದಿಸಿದ ಹೆಂಗಸರು ನಮ್ಮ ಕೇರಿಯಲ್ಲೇ ಇದ್ದಾರೆ.

ಅಳಿಯ: 2024ರಲ್ಲಿ ನಮ್ಮ ಅಳಿವೆಗೆ, ಮಹತ್ವದ ಜೌಗುನೆಲಗಳಿಗೆ ಕೊಡುವ ರಾಮ್‌ಸಾರ್ ತಾಣ ಅಂತ ಮನ್ನಣೆಯೂ ಸಿಕ್ಕಿದೆ.

ಮಾವ: ಸಿಗಲಿ, ಒಳ್ಳೆಯದೇ. ಕಾಗದ ಬಂದರೂ ಬರದಿದ್ದರೂ ಗಳ ಊರಿ ನೋಡುವುದನ್ನು ಬಿಡಬೇಡ.

ಅಳಿಯ: ಕುಮಟೆಗೆ ನಾಳೆ ಹೋಗುವ ಹಾಗಾದರೆ. ಇವತ್ತಿನ ಗಾಳ ತಪ್ಪಿತು.

ಮಾವ: ಎಂತಕ್ಕೆ ತಪ್ತದೆ? ಕೆಸರಿನ ಮಾತು ಬಾಕಿ ಇದೆಯಲ್ಲ. ಆ ಕೊಟ್ಟಿಗೆಯ ಮಾಡಿನಲ್ಲಿ ಎರಡು ಬಿದಿರಿನ ಗಳ ಸಿಕ್ಕಿಸಿದ್ದೇನೆ, ತಗೊಂಡು ಬಾ. ಬುಡ ಚೂಪು ಮಾಡಿದ್ದು, 15 ಅಡಿಯವು. ಕಾಂಡ್ಲಾದ ಬದಿಯಲ್ಲಿ ಒಂದು ಆಳು ನೀರು, ಕೆಳಗೆ ಬೆಣ್ಣೆಯಂಥ ಕೆಸರು. ಮೂತಿಯ ಪಕ್ಕ ಒಂದು ಗಳವನ್ನು ಅಲುಗಿಸ್ತಾ ಅಲುಗಿಸ್ತಾ ನಾಲ್ಕು ಅಡಿ ಇಳಿಸಿ ದೋಣಿ ಕಟ್ಟಿದರೆ ಯಾವ ಲಂಗರೂ ಬೇಡ. ಗಂಟು ಸಡಿಲ ಇರಲಿ, ನೀರು ಏರಿದ ಹಾಗೆ ಗಳದ ಮೇಲೆ ಜಾರಬೇಕು.

ಅಳಿಯ: ಮೋಟರು ಹಾಕಲಾ?

ಮಾವ: ಬೇಡ, ಹುಟ್ಟು ತಗೋ. ಮೂತಿಯ ಕಡೆ ನೀನು ಕೂರು, ಗಂಟು ನೀನೇ ಹಾಕು. ನಾನು ನೋಡ್ತೇನೆ. ಇಳಿತ ಮುಗಿಯಲಿಕ್ಕೆ ಇನ್ನೂ ಎರಡು ತಾಸು ಇದೆ.